ಅಡ್ಡಾಡಾಕ ಒಯ್ಯೂ ಆಕ್ಸಿಜನ್ ಮಷಿನ್: ರೊಕ್ಕ ಕೊಡೂಕಿಂತ ಮೊದಲ ಪೇಶೆಂಟ್‌ಗೆ ಹಚ್ಚಿ ನಡೆಸಿ ನೋಡ್ರಿ

ನಮ್ಮ ಕಾಕಾ ಈ ಮಷಿನ್ ಹೆಗಲಿಗೆ ಹಾಕ್ಕೊಂಡು ವಿಜಯಪುರದಾಗ ಅಡ್ಡಾಡೂದು ನೋಡಿದ ಮ್ಯಾಲೆ ಬೀಗರು, ಓಣಿಯವರು, ಅವರ ಪರಿಚಯದವರು ಎಲ್ಲಾರೂ ನನಗ ಕೇಳೂದು ಒಂದ ಪ್ರಶ್ನೆ, "ಯಾವ ಕಂಪನಿದು ತಗೊಳ್ಳೂಣು, ಎಷ್ಟು ಲೀಟರಿಂದು ತಗೊಳ್ಳೂಣು?" ಈ ಎರಡೂ ಪ್ರಶ್ನೆ ಆಮ್ಯಾಲಿನವು. ಮೊದಲ ಕೇಳಬೇಕಾದ್ದು ಏನಂದ್ರ, ಈ ಮಷಿನ್ ಹಚ್ಚಿಕೊಂಡು ನಮ್ಮ ಪೇಶೆಂಟ್ ನಡೆದ್ರ ಬೆರಳಿಗೆ ಹಾಕಿದ ಮೀಟರಿನ್ಯಾಗ ನಂಬರ್ ನಿಲ್ತೈತೋ ಇಲ್ಲೋ. ಅದನ್ನ ನೋಡದ ಎರಡು-ಮೂರು ಲಕ್ಷ ಹಾಕೂದು ಬ್ಯಾಡ. ಅದಕ್ಕ ಒಂದೊಂದ ಹೆಜ್ಜಿ ಹೆಂಗ ಹೋಗಬೇಕು ಅಂತ ಬರದೀನಿ, ಸ್ವಲ್ಪ ಉದ್ದ ಆಗ್ತೈತಿ, ಆದ್ರ ತಗೊಳ್ಳೂ ವಿಚಾರ ಇದ್ದವರು ಪೂರಾ ಓದ್ರಿ.

ಮಷಿನ್ ಏನ್ ಮಾಡ್ತೈತಿ ಅನ್ನೂದು ಎರಡು ಮಾತಿನ್ಯಾಗ ಹೇಳ್ತೀನಿ. ಗಾಳಿಯೊಳಗ ಸುಮಾರು 78 ಪರ್ಸೆಂಟ್ ನೈಟ್ರೋಜನ್, 21 ಪರ್ಸೆಂಟ್ ಆಕ್ಸಿಜನ್ ಇರ್ತೈತಿ. ಮಷಿನ್ ಹೊರಗಿನ ಗಾಳಿ ಎಳಕೊಂಡು ಒತ್ತಡ ಹಾಕಿ ಜಿಯೋಲೈಟ್ ಅನ್ನೂ ಹರಳಿನ ಕೊಳವಿಯೊಳಗ ಹಾಯಿಸ್ತೈತಿ, ನೈಟ್ರೋಜನ್ ಅಲ್ಲೇ ಹಿಡಕೊಂಡು ಉಳೀತೈತಿ, 90ರಿಂದ 96 ಪರ್ಸೆಂಟ್ ಆಕ್ಸಿಜನ್ ಮೂಗಿನ ಪೈಪಿಗೆ ಬರ್ತೈತಿ. ಒಳಗ ಏನೂ ತುಂಬಿ ಇಟ್ಟಿರಂಗಿಲ್ಲ, ಅದಕ್ಕ ಸಿಲಿಂಡರಿನಂಗ ರೀಫಿಲ್ ಬೇಕಿಲ್ಲ, ಆದ್ರ ಕರೆಂಟ್ ಇಲ್ಲಾ ಬ್ಯಾಟರಿ ಹೋತಂದ್ರ ಆ ಕ್ಷಣದಾಗ ಆಕ್ಸಿಜನ್ ಬಂದ್. ಇದೊಂದು ತಲ್ಯಾಗ ಇಟ್ಕೋರಿ.

ಮೊದಲ್ನೇ ಕೆಲಸ: ಡಾಕ್ಟ್ರ ಚೀಟಿ, ಅದೂ ಪೂರಾ ಬರದಿದ್ದು

ಚೀಟಿಯೊಳಗ ಬರೇ "ಆಕ್ಸಿಜನ್" ಅಂತ ಇದ್ರ ಸಾಲಂಗಿಲ್ಲ. ಕುಂತಾಗ ಎಷ್ಟು, ನಡೆಯುವಾಗ ಎಷ್ಟು, ಮಲಗಿದಾಗ ಎಷ್ಟು, ದಿನಕ್ಕ ಎಷ್ಟು ತಾಸು, ಸ್ಯಾಚುರೇಶನ್ (ರಕ್ತದಾಗ ಆಕ್ಸಿಜನ್ ಎಷ್ಟು ಪರ್ಸೆಂಟ್ ಐತಿ ಅಂತ ಬೆರಳಿನ ಮೀಟರ್ ತೋರಿಸೂ ನಂಬರ್) ಎಷ್ಟರಿಂದ ಎಷ್ಟರೊಳಗ ಇರಬೇಕು, ಇಷ್ಟೂ ಬರಸ್ಕೋರಿ. ಡಾಕ್ಟ್ರು ಗಡಿಬಿಡಿಯೊಳಗ ಇರ್ತಾರ, ನಾವ ಕೇಳಬೇಕು. ಬೆಳಗಾವಿಯ ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟಿಯ ಕುಮಾರೇಶ್ವರ ಇಂಥ ಮೆಡಿಕಲ್ ಕಾಲೇಜಿನ ದವಾಖಾನಿಗಳೊಳಗ ಶ್ವಾಸಕೋಶದ ಡಾಕ್ಟ್ರು ಸಿಗ್ತಾರ, ಒಂದ್ಸಲ ಅವರ ಕಡೆ ತೋರಿಸದ ಮಷಿನ್ ತಗೋಬ್ಯಾಡ್ರಿ.

ಭಾಳ ಮಂದಿಗೆ ಗೊತ್ತಿರದ ಎರಡು ಮಾತು ಇಲ್ಲೇ ಹೇಳಿಬಿಡ್ತೀನಿ. ಒಂದು, ದಮ್ ಹತ್ತಿದವರಿಗೆಲ್ಲಾ ಆಕ್ಸಿಜನ್ ಬೇಕಂತಿಲ್ಲ. ಸಿಓಪಿಡಿ, ಅಂದ್ರ ಬೀಡಿ-ಸಿಗರೇಟು, ಒಲಿ ಹೊಗಿಯಿಂದ ಶ್ವಾಸನಾಳ ಕಟ್ಟಿ ಬರೂ ದಮ್ಮಿನ ರೋಗ, ಇದ್ದವರಿಗೆ ಆರಾಮ್ ಕುಂತಾಗ ಸ್ಯಾಚುರೇಶನ್ 88 ಅಥವಾ ಅದಕ್ಕಿಂತ ಕೆಳಗಿದ್ರ, ಇಲ್ಲಾ ಎಬಿಜಿ ಟೆಸ್ಟಿನ್ಯಾಗ (ಅಪಧಮನಿಯ ರಕ್ತ ತಗದು ನೋಡೂ ಟೆಸ್ಟ್) ಆಕ್ಸಿಜನ್ ಒತ್ತಡ 55 ಎಂಎಂ ಅಥವಾ ಕಡಿಮಿ ಬಂದ್ರ, ದಿನಕ್ಕ ಕನಿಷ್ಠ 15 ತಾಸು ಹಚ್ಚಿಕೊಂಡ್ರ ಆಯುಷ್ಯ ಹೆಚ್ಚಾಗ್ತೈತಿ ಅಂತ 1980, 1981ರಾಗ ಬಂದ ಅಮೆರಿಕಾ, ಬ್ರಿಟನ್ನಿನ ಅಧ್ಯಯನಗಳು ತೋರಿಸ್ಯಾವ. ಅದಕ್ಕಿಂತ ಸ್ವಲ್ಪ ಮ್ಯಾಲಿದ್ದವರಿಗೆ, ಅಂದ್ರ ಕುಂತಾಗ 89ರಿಂದ 93 ಇದ್ದವರಿಗೆ, ಆಯುಷ್ಯಾದಾಗಾಗ್ಲಿ ದವಾಖಾನಿಗೆ ಸೇರೂದು ತಪ್ಪೂದ್ರಾಗಾಗ್ಲಿ ಅಂಥಾ ಫಾಯ್ದೆ ಕಾಣಲಿಲ್ಲ ಅಂತ 2016ರ ಅಮೆರಿಕನ್ ಅಧ್ಯಯನ ಹೇಳ್ತೈತಿ. ಅಂಥವರು ಡಾಕ್ಟ್ರ ಜೋಡಿ ಕುಂತು ಮಾತಾಡಿ ಆಮ್ಯಾಲ ರೊಕ್ಕ ಹಾಕ್ರಿ.

ಇನ್ನೊಂದು, ಹೆಚ್ಚು ಕೊಟ್ರ ಹೆಚ್ಚು ಛೊಲೋ ಅನ್ನೂದು ಸುಳ್ಳು. ಕೆಲವು ಸಿಓಪಿಡಿ ಪೇಶೆಂಟ್‌ಗಳಿಗೆ ಆಕ್ಸಿಜನ್ ಜಾಸ್ತಿ ಆದ್ರ ಒಳಗ ಕಾರ್ಬನ್ ಡೈಆಕ್ಸೈಡ್ ಏರಿ ತೂಕಡಿಕಿ, ತಲಿನೋವು, ಕಡೀಕ ಎಚ್ಚರ ತಪ್ಪೂತನಕ ಹೋಗ್ತೈತಿ. ಅಂಥವರಿಗೆ 88ರಿಂದ 92ರ ನಡುವ ಇಡ್ರಿ ಅಂತ ಡಾಕ್ಟ್ರು ಹೇಳ್ತಾರ. ಮನಿಯವರು "98 ಬರ್ಲಿ" ಅಂತ ಪ್ರೀತಿಯಿಂದ ಬಟನ್ ಒತ್ತಿಕೋತ ಹೋಗೂದು ನಾ ಎಷ್ಟೋ ಕಡೆ ನೋಡೀನಿ, ಹಂಗ ಮಾಡಬ್ಯಾಡ್ರಿ.

ಎರಡ್ನೇದು: ಖರೆನ ಇದು ಬೇಕೇನು?

ಪೇಶೆಂಟ್ ಮನಿಯಿಂದ ಹೊರಗ ಬೀಳೂದ ತಿಂಗಳಿಗೊಮ್ಮೆ ದವಾಖಾನಿಗೆ ಅಷ್ಟ ಅಂದ್ರ ಮನಿಗೆ ನಿಮಿಷಕ್ಕ 5 ಲೀಟರ್ ಕೊಡೂ ಒಂದು ದೊಡ್ಡ ಕಾನ್ಸಂಟ್ರೇಟರ್ (ಇದೇ ಥರ ಗಾಳಿಯಿಂದ ಆಕ್ಸಿಜನ್ ತಗಿಯೂ ಮನಿ ಮಷಿನ್), ಹೊರಗ ಹೋಗಾಕ ಒಂದು ಸಣ್ಣ ಸಿಲಿಂಡರ್, ಇಷ್ಟರಾಗ ಕೆಲಸ ಆಗ್ತೈತಿ, ಖರ್ಚೂ ಭಾಳ ಕಡಿಮಿ. ಬಿ ಟೈಪ್ ಸಿಲಿಂಡರಿನ್ಯಾಗ ಸುಮಾರು 1500 ಲೀಟರ್ ಗ್ಯಾಸ್ ಇರ್ತೈತಿ, ನಿಮಿಷಕ್ಕ 2 ಲೀಟರ್ ಬಿಟ್ರ ಹನ್ನೆರಡು ತಾಸಿನ ಮ್ಯಾಲೆ ಬರ್ತೈತಿ, ಆದ್ರ ಅದು ಉಕ್ಕಿನ ಸಿಲಿಂಡರ್, ಎತ್ತಾಕ ಇನ್ನೊಬ್ಬರು ಬೇಕು.

ಪೋರ್ಟಬಲ್, ಅಂದ್ರ ಈ ಹೊತ್ತುಕೊಂಡು ಅಡ್ಡಾಡೂ ಮಷಿನ್, ಯಾರಿಗೆ ಅಂದ್ರ, ದಿನಾ ಹೊರಗ ಹೋಗೂ ಜೀವ ಇದ್ದವರಿಗೆ. ಮುಂಜಾನೆ ವಾಕಿಂಗ್, ಅಂಗಡಿಗೆ ಕುಂದ್ರೂದು, ಹೊಲದ ಕಡಿ ಒಂದು ಸುತ್ತು, ಮದುವಿ, ಸಂಕ್ರಮಣದ ಸಿದ್ಧೇಶ್ವರ ಜಾತ್ರಿ. ನಮ್ಮ ಕಾಕಾ ರಿಟೈರ್ ಆದ ಮಾಸ್ತರ, ಸಂಜಿಗೆ ಗೆಳೆಯರ ಜೋಡಿ ಕಟ್ಟಿ ಮ್ಯಾಲೆ ಕುಂತು ಮಾತಾಡಲಿಲ್ಲಂದ್ರ ಅವರಿಗೆ ಊಟ ರುಚಿಸಂಗಿಲ್ಲ, ಅಂಥವರಿಗೆ ಇದು ಬೇಕ.

ಆದ್ರ ಇದು ಬಂತಂತ ಮನಿ ಮಷಿನ್ ಮಾರಬ್ಯಾಡ್ರಿ. ರಾತ್ರಿಗೆ ಅದ ಬೇಕು, ಯಾಕಂತ ಕೆಳಗ ಹೇಳ್ತೀನಿ.

ಮೂರ್ನೇದು: ಪಲ್ಸ್ ಏನು, ಕಂಟಿನ್ಯೂಯಸ್ ಏನು (ಇದು ತಿಳೀಲಿಲ್ಲಂದ್ರ ಅಂಗಡಿಯವ ಏನ್ ಹೇಳಿದ್ರೂ ಹೂಂ ಅಂತೀರಿ)

ಮನಿಯ ದೊಡ್ಡ ಮಷಿನ್ ಒಂದೇ ಸವನ ಆಕ್ಸಿಜನ್ ಬಿಟ್ಟುಕೋತ ಇರ್ತೈತಿ, ನೀವು ಉಸಿರು ಎಳೀರಿ, ಬಿಡ್ರಿ, ಅದಕ್ಕ ಸಂಬಂಧ ಇಲ್ಲ. ಅದು ಕಂಟಿನ್ಯೂಯಸ್. ನಿಮಿಷಕ್ಕ 2 ಲೀಟರ್ ಅಂದ್ರ 2000 ಎಂಎಲ್ ಬರ್ತೈತಿ, ಆದ್ರ ಉಸಿರು ಬಿಡೂ ಹೊತ್ತಿನ್ಯಾಗ ಬಂದದ್ದು ಹೊರಗ ಹೋಗಿ ಹಾಳಾಗ್ತೈತಿ. ಹೆಗಲಿಗೆ ಹಾಕೂ ಸಣ್ಣ ಮಷಿನ್ ಹೆಚ್ಚಿನವು ಪಲ್ಸ್. ಮೂಗಿನ ಪೈಪಿನೊಳಗ ನೀವು ಉಸಿರು ಎಳಕೊಳ್ಳೂದನ್ನ ಅದು ಗುರುತು ಹಿಡೀತೈತಿ, ಆಗ ಟುಸ್ ಅಂತ ಒಂದು ಗುಟುಕು ಬಿಡ್ತೈತಿ, ಉಳಿದ ಹೊತ್ತು ಸುಮ್ನಿರ್ತೈತಿ. ಹಂಗಾಗಿ ಕಡಿಮಿ ಆಕ್ಸಿಜನ್ನಿನ್ಯಾಗ ಕೆಲಸ ನಡೀತೈತಿ, ತೂಕ ಎರಡು-ಎರಡೂವರೆ ಕೆಜಿಗೆ ಇಳೀತೈತಿ, ಬ್ಯಾಟರಿ ತಾಸುಗಟ್ಟಲೆ ಬರ್ತೈತಿ.

ಈಗ ಎಲ್ಲಾರೂ ತಪ್ಪು ತಿಳ್ಕೊಳ್ಳೂದು ಇಲ್ಲೇ. ಪಲ್ಸ್ ಮಷಿನ್ ಮ್ಯಾಲೆ 1, 2, 3, 4, 5 ಅಂತ ಇರ್ತೈತಲ್ಲ, ಅದು ಲೀಟರ್ ಅಲ್ಲ. ಬರೇ ಸೆಟ್ಟಿಂಗ್ ನಂಬರ್. ಉದಾಹರಣೆಗೆ ಇನೋಜೆನ್ ಕಂಪನಿಯ ಜಿ5 ಮಷಿನ್ ತಗೋರಿ, ಅದರಾಗ ಒಂದೊಂದು ಸೆಟ್ಟಿಂಗಿಗೆ ನಿಮಿಷಕ್ಕ 210 ಎಂಎಲ್ ಲೆಕ್ಕ, ಸೆಟ್ಟಿಂಗ್ 2 ಅಂದ್ರ 420 ಎಂಎಲ್, ಕಡೀದು 6, ಅಂದ್ರ 1260 ಎಂಎಲ್. ಅದ ಕಂಪನಿಯ ಇನ್ನೂ ಸಣ್ಣ ಜಿ4 ಮೂರಕ್ಕ ಮುಗೀತೈತಿ, 630 ಎಂಎಲ್. ಇನ್ನೊಂದು ಕಂಪನಿಯ 2 ನಂಬರಿಗೆ ಬರೂ ಗುಟುಕು ಬ್ಯಾರೆ ಇರಬಹುದು. ಅದಕ್ಕ "ನಮ್ಮದು 5 ನಂಬರ್ ತನಕ ಹೋಗ್ತೈತ್ರಿ, ಅಂದ್ರ 5 ಲೀಟರ್" ಅಂತ ಯಾವನರ ಅಂದ್ರ ಒಂದೋ ಅವಗ ಗೊತ್ತಿಲ್ಲ, ಇಲ್ಲಾ ನಿಮಗ ಗೊತ್ತಿಲ್ಲಂತ ಅವಗ ಗೊತ್ತೈತಿ. ನೀವು ಕೇಳಬೇಕಾದ್ದು "ಕಡೀ ಸೆಟ್ಟಿಂಗಿಗೆ ನಿಮಿಷಕ್ಕ ಎಷ್ಟು ಎಂಎಲ್ ಆಕ್ಸಿಜನ್ ತಯಾರ್ ಮಾಡ್ತೈತಿ" ಅಂತ, ಮ್ಯಾನುವಲ್ಲಿನ್ಯಾಗ ತೋರಸ್ರಿ ಅಂತ.

ಇನ್ನೂ ಒಂದು ಸೂಕ್ಷ್ಮ ಐತಿ. ಜಿ5ನಂಥಾ ಮಷಿನ್ ನಿಮಿಷದ ಒಟ್ಟು ಆಕ್ಸಿಜನ್ ಅಷ್ಟ ಇಟ್ಟು ಉಸಿರಿನ ಲೆಕ್ಕದಾಗ ಹಂಚತೈತಿ. ಸೆಟ್ಟಿಂಗ್ 2ರಾಗ ನಿಮಿಷಕ್ಕ 20 ಉಸಿರು ಇದ್ರ ಒಂದೊಂದಕ್ಕ 21 ಎಂಎಲ್, ಮೆಟ್ಟಲ ಹತ್ತಿ ತೇಕ್ಯಾಡಿ ಉಸಿರು 30 ಆದ್ರ ಒಂದೊಂದಕ್ಕ 14 ಎಂಎಲ್ ಅಷ್ಟ. ಅಂದ್ರ ಜಾಸ್ತಿ ಬೇಕಾದ ಹೊತ್ತಿನ್ಯಾಗ ಗುಟುಕು ಸಣ್ಣದಾಗ್ತೈತಿ. ಕುಂತಾಗ ಛೊಲೋ ನಂಬರ್ ತೋರಿಸಿ ನಡೆದಾಗ ಕೈ ಕೊಡೂದು ಹಿಂಗ. ಐಎಲ್‌ಡಿ, ಅಂದ್ರ ಶ್ವಾಸಕೋಶ ಗಟ್ಟಿ ಆಗೂ ರೋಗ ಇದ್ದವರಿಗೆ, ಕಲ್ಲಿನ ಧೂಳಿನಿಂದ ಸಿಲಿಕೋಸಿಸ್ ಆದವರಿಗೆ (ಇಳಕಲ್ಲ ಕಡೆ ಗ್ರಾನೈಟ್ ಕ್ವಾರಿಯೊಳಗ ದುಡಿದವರು ಇದನ್ನ ಲಕ್ಷ್ಯ ಕೊಟ್ಟು ಓದ್ರಿ) ನಡೆಯುವಾಗ ಸ್ಯಾಚುರೇಶನ್ ಭಾಳ ಜೋರ್ ಇಳೀತೈತಿ, ಅಂಥವರಿಗೆ ಸಣ್ಣ ಪಲ್ಸ್ ಮಷಿನ್ ಎಷ್ಟೋ ಸಲ ಸಾಲಂಗಿಲ್ಲ.

ಪಲ್ಸ್ ಇನ್ನೂ ಯಾರಿಗೆ ಹೊಂದಂಗಿಲ್ಲ? ಬಾಯಿಲಿಂದ ಉಸಿರು ಎಳಕೊಳ್ಳೋರಿಗೆ, ಮಲಗಿದಾಗ ಉಸಿರು ಭಾಳ ಸಣ್ಣ ಆಗೋರಿಗೆ. ಮಷಿನ್ ಉಸಿರು ಗುರುತು ಹಿಡೀಲಿಲ್ಲಂದ್ರ ಗುಟುಕು ಬರಂಗಿಲ್ಲ. ಅದಕ್ಕ ರಾತ್ರಿ ನಿದ್ದಿಗೆ ಡಾಕ್ಟ್ರು ಹೆಚ್ಚಾಗಿ ಕಂಟಿನ್ಯೂಯಸ್ಸ ಹೇಳ್ತಾರ. ಬೈಪ್ಯಾಪ್, ಸಿಪ್ಯಾಪ್ (ಮಾಸ್ಕಿನಿಂದ ಒತ್ತಡದ ಗಾಳಿ ಕೊಟ್ಟು ಉಸಿರಿಗೆ ನೆರವಾಗೂ ಮಷಿನ್) ಹಚ್ಚೋರು ಅದಕ್ಕ ಪಲ್ಸ್ ಮಷಿನ್ ಜೋಡಸಾಕ ಹೋಗಬ್ಯಾಡ್ರಿ. ಪಲ್ಸಿಗೆ ಮುಖದ ಮಾಸ್ಕ್ ನಡಿಯಂಗಿಲ್ಲ, ಕ್ಯಾನುಲಾ, ಅಂದ್ರ ಮೂಗಿನ ಪೈಪು, ಬೇಕು, ಆಕ್ಸಿಜನ್‌ಗೆ ತೇವ ಕೊಡೂ ನೀರಿನ ಹ್ಯುಮಿಡಿಫೈಯರ್ ಬಾಟ್ಲಿನೂ ಬ್ಯಾಡ.

ಕಂಟಿನ್ಯೂಯಸ್ಸೂ ಕೊಡೂ ಪೋರ್ಟಬಲ್ ಬರ್ತಾವ, ಆದ್ರ ನಾಲ್ಕೂವರೆ ಕೆಜಿ, ಅದಕ್ಕೂ ಹೆಚ್ಚು, ಗಾಲಿ ಹಚ್ಚಿ ಎಳಕೊಂಡು ಹೋಗಬೇಕು, ಕಂಟಿನ್ಯೂಯಸ್ಸಿನ್ಯಾಗ 2 ಅಥವಾ 3 ಲೀಟರಿಗೆ ಮುಗೀತೈತಿ, ಬ್ಯಾಟರಿ ಲಗೂನ ಖಾಲಿ ಆಗ್ತೈತಿ. ನಮ್ಮ ಊರಿನ ರಸ್ತಾದಾಗ ಆ ಸಣ್ಣ ಗಾಲಿ ಎಳಿಯೂದು ಅಂದ್ರ… ನೀವ ವಿಚಾರ ಮಾಡ್ರಿ.

ನಾಲ್ಕ್ನೇದು: ಹಚ್ಚಿ ನಡೆಸ್ರಿ

ಎಲ್ಲಾಕಿಂತ ದೊಡ್ಡ ಹೆಜ್ಜಿ ಇದು. ಡಾಕ್ಟ್ರ ಕಡೆ ಆರು ನಿಮಿಷ ನಡೆಸಿ ನೋಡೂ ಒಂದು ಟೆಸ್ಟ್ ಇರ್ತೈತಿ, ಸಿಕ್ಸ್ ಮಿನಿಟ್ ವಾಕ್ ಅಂತಾರ. ಮಾರೋರಿಗೆ ಹೇಳ್ರಿ, ಡೆಮೋ ಮಷಿನ್ ದವಾಖಾನಿಗೇ ತಗೊಂಡು ಬರ್ರಿ, ನಮ್ಮ ಡಾಕ್ಟ್ರ ಮುಂದ ಹಚ್ಚಿ ನಡೆಸಿ ನೋಡ್ತೀವಿ ಅಂತ. ಲಕ್ಷಗಟ್ಟಲೆ ರೊಕ್ಕದ ಸಾಮಾನು ಮಾರೋರು ಇಷ್ಟೂ ಮಾಡಂಗಿಲ್ಲ ಅಂದ್ರ ಅವರ ಕಡೆ ತಗೊಳ್ಳೂದ ಬ್ಯಾಡ.

ನಮ್ಮ ಕಾಕಾಂದು ಹೆಂಗಾತಂದ್ರ, ಕುಂತಾಗ ಸೆಟ್ಟಿಂಗ್ 2ಕ್ಕ 94 ತೋರಿಸ್ತು, ಮಾರಾಕ ಬಂದ ಹುಡುಗ ಬಿಲ್ ಬುಕ್ ತಗದ. ಡಾಕ್ಟ್ರು "ತಡೀಪಾ" ಅಂದ್ರು. ದವಾಖಾನಿ ಕಾರಿಡಾರಿನ್ಯಾಗ ಈ ತುದಿಯಿಂದ ಆ ತುದಿಗೆ ಹೋಗಿ ಬರಾಕ ಹಚ್ಚಿದ್ರು, ನಾ ಬಾಜು ಬೆರಳಿನ ಮೀಟರ್ ನೋಡಿಕೋತ ನಡದೆ. ಮೊದಲ್ನೇ ಸುತ್ತಿಗೆ 92, ಎರಡ್ನೇ ಸುತ್ತಿನ್ಯಾಗ 89, ಮೂರ್ನೇದಕ್ಕ ಹೊಳ್ಳೂದ್ರಾಗ 86 ಆತು, ಕಾಕಾ ಮಾತ್ರ "ಏನೂ ಆಗಿಲ್ಲ ಬಿಡೋ" ಅನ್ನಾಕತ್ತಿದ್ರು, ತುಟಿ ನೋಡಿದ್ರ ಕಪ್ಪಗಾಗಿದ್ವು. ಕುಂದ್ರಿಸಿ, ದಮ್ ತಿರುಗಿದ ಮ್ಯಾಲೆ ಸೆಟ್ಟಿಂಗ್ 4ಕ್ಕ ಇಟ್ಟು ಮತ್ತ ನಡೆಸಿದ್ರು, ಆಗ 90ರ ಕೆಳಗ ಇಳೀಲಿಲ್ಲ. ಡಾಕ್ಟ್ರು ಚೀಟಿ ಮ್ಯಾಲೆ "ಕುಂತಾಗ 2, ನಡೆಯುವಾಗ 4" ಅಂತ ಈ ಮಷಿನ್ನಿನ ಹೆಸರು ಹಾಕೇ ಬರದ್ರು. ಮಷಿನ್ ಬದಲಾದ್ರ ಆ ನಂಬರೂ ಬದಲಾಗ್ತೈತಿ, ಅದಕ್ಕ ಹೆಸರು ಹಾಕಿಸೂದು ಮುಖ್ಯ. ಮತ್ತ 3ಕ್ಕ ಮುಗಿಯೂ ಸಣ್ಣ ಮಷಿನ್ ಹಗುರ ಐತಂತ ತಗೊಳ್ಳೂ ವಿಚಾರ ಅವತ್ತ ಬಿಟ್ವಿ.

ಮೀಟರ್ ನೋಡುವಾಗ ಬೆರಳು ತಣ್ಣಗಿದ್ರ ತಿಕ್ಕಿ ಬೆಚ್ಚಗ ಮಾಡ್ರಿ, ಉಗುರಿಗೆ ಬಣ್ಣ ಇರಬಾರದು, ಮದರಂಗಿ ಹಚ್ಚಿದ ಬೆರಳೂ ಬ್ಯಾಡ (ಮದುವಿ ಸೀಜನ್ನಿನ್ಯಾಗ ಹೆಣ್ಮಕ್ಕಳದು ಹತ್ತೂ ಬೆರಳು ಕೆಂಪಗಿರ್ತಾವ, ಆಗ ಕಿವಿ ಹಾಲಿಗೆ ಹಾಕೂ ಪ್ರೋಬ್ ದವಾಖಾನಿಯೊಳಗ ಕೇಳ್ರಿ). ಹಾಕಿದ ಕೂಡ್ಲೆ ಬರೂ ನಂಬರ್ ಬಿಟ್ಟು ಅರ್ಧ ನಿಮಿಷ ನಿಂತ ಮ್ಯಾಲಿನ ನಂಬರ್ ಹಿಡೀರಿ. ಕಪ್ಪು ಮೈಬಣ್ಣದವರಿಗೆ ಈ ಮೀಟರ್ ಒಂದೆರಡು ನಂಬರ್ ಜಾಸ್ತಿ ತೋರಿಸೂದೂ ಐತಿ, ಅದಕ್ಕ ಗಡಿ ಮ್ಯಾಲೆ ಇದ್ದವರು ಎಬಿಜಿ ಮಾಡಿಸೂದು ಛೊಲೋ.

ತೂಕನೂ ಅವತ್ತ ನೋಡಿಬಿಡ್ರಿ. ಎರಡೂ ಕಾಲು ಕೆಜಿ ಅಂದ್ರ ನಮಗ ಏನೂ ಅಲ್ಲ, ದಮ್ಮಿನ ಪೇಶೆಂಟ್‌ಗೆ ಅದು ಹೆಗಲ ಮ್ಯಾಲೆ ಬಿತ್ತಂದ್ರ ಉಸಿರಿಗೆ ಜಗ್ತೈತಿ. ಪೇಶೆಂಟೇ ಹೊತ್ತು ನಡೀಬೇಕು, ಟೆಸ್ಟಿನ್ಯಾಗ ಮಗ ಹೊತ್ತುಕೊಂಡು ಹಿಂದಿಂದ ನಡೆದ್ರ ಅದು ಟೆಸ್ಟ್ ಅಲ್ಲ.

ಬ್ಯಾಟರಿ ಲೆಕ್ಕ

ಜಾಹೀರಾತಿನ್ಯಾಗ "ಆರೂವರೆ ತಾಸು", "ಹದಿಮೂರು ತಾಸು" ಅಂತ ಬರದಿದ್ದು ಸೆಟ್ಟಿಂಗ್ 1ರ ಲೆಕ್ಕ. ಸೆಟ್ಟಿಂಗ್ ಏರಿಸಿದಂಗ ತಾಸು ಇಳೀತಾವ, 4ಕ್ಕ ಇಟ್ರ ಅರ್ಧನೂ ಬರಂಗಿಲ್ಲ ಅಂತ ತಿಳ್ಕೋರಿ. ನಿಮ್ಮ ಪೇಶೆಂಟ್‌ಂದು ಯಾವ ಸೆಟ್ಟಿಂಗೋ ಆ ಸೆಟ್ಟಿಂಗಿಗೆ ಎಷ್ಟು ತಾಸು ಅಂತ ಮ್ಯಾನುವಲ್ಲಿನ ಕೋಷ್ಟಕದಾಗ ನೋಡ್ರಿ. ಆಮ್ಯಾಲ ಹೊರಗ ಇರೂ ಹೊತ್ತಿಗೆ ಅರ್ಧ ಸೇರಿಸ್ರಿ. ನಾಲ್ಕು ತಾಸಿನ ಕೆಲಸ ಇದ್ರ ಆರು ತಾಸಿನ ಬ್ಯಾಟರಿ ಕೈಯಾಗ ಇರಬೇಕು, ಯಾಕಂದ್ರ ಮದುವಿ ಊಟ ಲೇಟ್ ಆಗ್ತೈತಿ, ಗೇಟ್ ಬಿದ್ದಿರ್ತೈತಿ, ಬಸ್ ಕೆಡ್ತೈತಿ. ಒಂದು ಎಕ್ಸ್‌ಟ್ರಾ ಬ್ಯಾಟರಿ ರೇಟು ಮೊದಲೇ ಕೇಳಿ ಚೌಕಾಶಿಯೊಳಗ ಸೇರಿಸ್ಕೋರಿ, ಆಮ್ಯಾಲ ಬಿಡಿ ತಗೊಂಡ್ರ ಭಾಳ ತುಟ್ಟಿ. ಲಿಥಿಯಂ ಬ್ಯಾಟರಿ ವರ್ಷ ಕಳದಂಗ ತಾಕತ್ತು ಕಳಕೋತೈತಿ, ಅದಕ್ಕ ಹೊಸಾದಿದ್ದಾಗಿನ ತಾಸು ನಂಬಿ ಎರಡು ವರ್ಷದ ಮ್ಯಾಲೆ ಜಾತ್ರಿಗೆ ಹೊಂಡಬ್ಯಾಡ್ರಿ.

ಕಾರಿನ ಚಾರ್ಜರ್ ಬಾಕ್ಸಿನ್ಯಾಗ ಐತೋ ಇಲ್ಲೋ ನೋಡ್ರಿ. ಮನಿ ಅಡಾಪ್ಟರ್ ಮ್ಯಾಲೆ 100ರಿಂದ 240 ವೋಲ್ಟ್ ಅಂತ ಬರದಿರಬೇಕು.

ಮನಿಯ ದೊಡ್ಡ ಮಷಿನ್ನಿಂದೂ ಒಂದು ಮಾತು, 5 ಲೀಟರಿಂದು ಸುಮಾರು 350 ವ್ಯಾಟ್ ತಿಂತೈತಿ, 150 ಎಎಚ್ ಇನ್ವರ್ಟರ್ ಬ್ಯಾಟರಿ ಛೊಲೋ ಇದ್ರ ಮೂರು ತಾಸಿನ ಆಸುಪಾಸು ಎಳೀತೈತಿ, ಫ್ಯಾನು ಟಿವಿ ಹಚ್ಚಿದ್ರ ಅದೂ ಇಲ್ಲ. ಹೆಸ್ಕಾಂ ಕರೆಂಟ್ ಮಳಿ-ಗಾಳಿಗೆ ಹೋತಂದ್ರ ಹಳ್ಳಿಯೊಳಗ ಬರೂದು ಯಾವಾಗೋ, ಅದಕ್ಕ ಒಂದು ಸಿಲಿಂಡರ್ ಮನಿಯೊಳಗ ಇರ್ಲಿ.

ನಮ್ಮ ಬಿಸಲು, ನಮ್ಮ ಧೂಳು

ಬೆಂಗಳೂರಿನವರು ಬರದ ಸಲಹೆಯೊಳಗ ಇದು ಬರೂದ ಇಲ್ಲ. ಈ ಮಷಿನ್‌ಗಳ ಮ್ಯಾನುವಲ್ಲಿನ್ಯಾಗ ಸಾಮಾನ್ಯವಾಗಿ 5ರಿಂದ 40 ಡಿಗ್ರಿ ಒಳಗ ಬಳಸ್ರಿ ಅಂತ ಇರ್ತೈತಿ. ವಿಜಯಪುರ, ಬಾಗಲಕೋಟಿಯೊಳಗ ಏಪ್ರಿಲ್-ಮೇದಾಗ 40 ದಾಟೂದು ಹೊಸಾದಲ್ಲ. ಮಧ್ಯಾಹ್ನ ಬಿಸಲಾಗ ನಡೆದ್ರ ಮಷಿನ್ ಬಿಸಿ ಆಗಿ ಅಲಾರಾಂ ಹೊಡಕೋತೈತಿ, ಕೆಲವು ಬಂದೇ ಆಗ್ತಾವ. ಬ್ಯಾಸಗಿಯೊಳಗ ಹೊರಗಿನ ಕೆಲಸ ಮುಂಜಾನೆ ಇಲ್ಲಾ ಸಂಜಿಗೆ ಇಟ್ಕೋರಿ. ನಿಲ್ಸಿದ ಕಾರಿನ್ಯಾಗ ಮಷಿನ್, ಬ್ಯಾಟರಿ ಬಿಟ್ಟು ಹೋಗೂದು ಬ್ಯಾಡವೇ ಬ್ಯಾಡ. ಬ್ಯಾಗಿನ ಗಾಳಿ ಕಿಂಡಿ ಮ್ಯಾಲೆ ಶಾಲು, ಸೆರಗು ಬೀಳದಂಗ ನೋಡ್ರಿ. ನಮ್ಮ ಕಾಕಾ ಚಳಿಗಾಲದಾಗ ಮಷಿನ್ ಸಮೇತ ಕಂಬಳಿ ಹೊದ್ದುಕೊಂಡು ಕುಂದ್ರತಿದ್ರು, ಅದಕ್ಕೂ ಚಳಿ ಆಗಬಾರದಂತ.

ಧೂಳಿಂದು ಇನ್ನೂ ದೊಡ್ಡ ಕಥಿ. ಮಷಿನ್ ಎಳಕೊಳ್ಳೂದು ಸುತ್ತಲಿನ ಗಾಳಿನ. ಜೋಳ, ತೊಗರಿ ರಾಶಿ ನಡೆದಾಗ, ಮುಧೋಳ-ಜಮಖಂಡಿ ಕಡೆ ಕಬ್ಬಿನ ರವದಿ ಸುಟ್ಟಾಗ, ಫಿಲ್ಟರ್ ಎರಡು ದಿನಕ್ಕ ಕಪ್ಪಗಾಗ್ತೈತಿ. ವಾರಕ್ಕೊಮ್ಮೆ ತೊಳೀರಿ ಅಂತ ಮ್ಯಾನುವಲ್ ಹೇಳಿದ್ರ ನಮ್ಮ ಕಡೆ ಅದಕ್ಕೂ ಲಗೂ ಬೇಕಾಗ್ತೈತಿ. ಸೋಪಿನ ನೀರಿನ್ಯಾಗ ತೊಳದು ನೆರಳಾಗ ಪೂರಾ ಒಣಗಿಸಿ ಹಾಕ್ರಿ, ಹಸೀದು ಹಾಕಬ್ಯಾಡ್ರಿ. ಎರಡು ಜೋಡಿ ಫಿಲ್ಟರ್ ಇಟ್ಕೊಂಡ್ರ ಒಂದು ಒಣಗೂತನಕ ಇನ್ನೊಂದು ನಡೀತೈತಿ. ಬೆಳಗಾವಿ, ಖಾನಾಪುರ ಕಡೆಯವರಿಗೆ ಧೂಳಿನಕಿಂತ ಮಳೀದ ತ್ರಾಸು, ಈ ಮಷಿನ್ ಒಳಗ ನೀರು ಹೋಗಬಾರದು, ಛತ್ರಿ ಒಂದ ಸಾಲಂಗಿಲ್ಲ, ಬೀಸಿ ಬರೂ ಮಳಿಯೊಳಗ ಹೊರಗ ತಗೀಬ್ಯಾಡ್ರಿ.

ರೊಕ್ಕ, ಬಿಲ್ಲು, ಸರ್ವಿಸ್

ಹೆಸರುವಾಸಿ ಕಂಪನಿಯ ಪೋರ್ಟಬಲ್ ಹೆಚ್ಚೂಕಡಿಮಿ ಒಂದೂವರೆಯಿಂದ ಮೂರು ಲಕ್ಷದ ಆಸುಪಾಸು, ಮನಿಯ 5 ಲೀಟರಿಂದು ಅದರ ಕಾಲು ಭಾಗಕ್ಕ ಬರ್ತೈತಿ. ಇನ್ಶೂರೆನ್ಸ್ ಕೊಡ್ತಾರಂತ ಗೃಹೀತ ಹಿಡೀಬ್ಯಾಡ್ರಿ, ಮನಿಯೊಳಗ ಬಳಸೂ ಆಕ್ಸಿಜನ್ ಸಾಮಾನು ಹೆಚ್ಚಿನ ಪಾಲಿಸಿಯೊಳಗ ಇರಂಗಿಲ್ಲ, ಬರದು ಕೇಳ್ಕೊಂಡ ಮ್ಯಾಲೆ ನಂಬ್ರಿ.

ಆನ್‌ಲೈನ್‌ದಾಗ ಇಪ್ಪತ್ತೈದು-ಮೂವತ್ತು ಸಾವಿರಕ್ಕ "ಪೋರ್ಟಬಲ್, 1ರಿಂದ 7 ಲೀಟರ್" ಅಂತ ಬರ್ತಾವಲ್ಲ, ಅವುಗಳ ಬಗ್ಗೆ ಬಿಡಿಸಿ ಹೇಳಬೇಕು. 2021ರ ಕೊರೋನಾ ಎರಡ್ನೇ ಅಲೆಯೊಳಗ ಮಂದಿ ಜೀವ ಕೈಯಾಗ ಹಿಡಕೊಂಡು ಇಂಥವ್ನ ಸಿಕ್ಕ ರೇಟಿಗೆ ತಗೊಂಡ್ರು, ಈಗ ಎಷ್ಟೋ ಮನಿ ಅಟ್ಟದ ಮ್ಯಾಲೆ ಬಿದ್ದಾವ. ಅವುಗಳೊಳಗ ಬಹಳಷ್ಟು 1 ಲೀಟರಿಗೆ ಇಟ್ರ ಮಾತ್ರ 90 ಪರ್ಸೆಂಟ್ ಕೊಡ್ತಾವ, 7ಕ್ಕ ಏರಿಸಿದ್ರ 30 ಪರ್ಸೆಂಟಿಗೆ ಇಳೀತಾವ. ಸುತ್ತಲಿನ ಗಾಳಿನ 21 ಪರ್ಸೆಂಟ್ ಐತಿ, ಅಂದ್ರ ನಿಮಗ ಸಿಗೂದು ಹೆಚ್ಚಾಗಿ ಗಾಳಿನ. ಹಾಲಿಗೆ ನೀರು ಹಾಕಿ ಲೀಟರ್ ಜಾಸ್ತಿ ತೋರಿಸಿದಂಗ. ಸಣ್ಣ ಅಕ್ಷರದಾಗ ಇದನ್ನ ಅವರ ಬರದಿರ್ತಾರ, ಹುಡುಕಿ ಓದ್ರಿ. ಮತ್ತ ಎಷ್ಟೋ ಮಷಿನ್ನಿಗೆ ಬ್ಯಾಟರಿನ ಇರಂಗಿಲ್ಲ, ಸಣ್ಣ ಸೈಜಿಂದು ಅಂತ ಪೋರ್ಟಬಲ್ ಅಂದಿರ್ತಾರ.

ತಗೊಳ್ಳುವಾಗ ಮಷಿನ್ ಮ್ಯಾಲಿನ ಲೇಬಲ್ ಓದ್ರಿ. ಹೊರದೇಶದ್ದು ಆದ್ರ ಇಲ್ಲಿ ತರಿಸಿದವರ ಹೆಸರು, ವಿಳಾಸ, ಇಂಪೋರ್ಟ್ ಲೈಸೆನ್ಸ್ ನಂಬರ್ ಇರಬೇಕು. ಸೀರಿಯಲ್ ನಂಬರ್ ಬಿಲ್ಲಿನ್ಯಾಗ ಬರಸ್ರಿ, ಮಷಿನ್ನಿಗೆ ಎಷ್ಟು ವರ್ಷ, ಬ್ಯಾಟರಿಗೆ ಎಷ್ಟು, ಒಳಗಿನ ಜಿಯೋಲೈಟ್ ಕೊಳವಿಗೆ ಎಷ್ಟು ಅಂತ ವಾರಂಟಿ ಬ್ಯಾರೆ ಬ್ಯಾರೆ ಕೇಳ್ರಿ, ಮೂರೂ ಒಂದ ಇರಂಗಿಲ್ಲ. ಆ ಕೊಳವಿ ಸವೀತೈತಿ, ಕೆಲವು ಮಷಿನ್ನಿನ್ಯಾಗ ಮನಿಯೊಳಗ ನಾವ ಬದಲಿ ಮಾಡಬಹುದು, ಕೆಲವದಕ್ಕ ಕಂಪನಿಗೇ ಕಳಸಬೇಕು. ಇಲ್ಲೇ ಸರ್ವಿಸ್ ಪ್ರಶ್ನೆ ಬರ್ತೈತಿ. ವಿಜಯಪುರದವರು ಸೊಲ್ಲಾಪುರ, ಬೆಳಗಾವಿಯವರು ಕೊಲ್ಹಾಪುರ-ಮಿರಜ್-ಪುಣೆ, ಬಾಗಲಕೋಟಿಯವರು ಹುಬ್ಬಳ್ಳಿ ಅಂತ ನಾವು ಮೊದಲಿಂದ ದವಾಖಾನಿಗೆ ಹೋಗೂ ದಾರಿ ಏನೈತಿ, ಆ ಊರುಗಳೊಳಗ ರಿಪೇರಿ ಐತೇನು ಕೇಳ್ರಿ. ಮಷಿನ್ ಬೆಂಗಳೂರಿಗೋ ದಿಲ್ಲಿಗೋ ಹೋದ್ರ ವಾಪಸ್ ಬರೂತನಕ ಬದಲಿ ಮಷಿನ್ ಕೊಡ್ತೀರೇನು, ಇದನ್ನ ಬಿಲ್ಲಿನ ಹಿಂದ ಬರಸ್ಕೋರಿ. ನಮಗ ಮಾರಿದ ಅಂಗಡಿಯವ ಬಾಯಿಮಾತಿನ್ಯಾಗ "ಎರಡು ದಿನದಾಗ ಕೊಡ್ತೀನ್ರಿ" ಅಂದಿದ್ದ, ಬ್ಯಾಟರಿ ಕೆಟ್ಟಾಗ ಫೋನ್ ಎತ್ತಲಿಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳೂದಿದ್ರ ಎಷ್ಟು ತಾಸು ಓಡೈತಿ ಅಂತ ತಾಸಿನ ಮೀಟರ್ ನೋಡ್ರಿ, ಆಕ್ಸಿಜನ್ ಅನಲೈಸರ್ (ಪೈಪಿಗೆ ಬರೂ ಆಕ್ಸಿಜನ್ ಅಳಿಯೂ ಉಪಕರಣ) ಹಚ್ಚಿ ಪರ್ಸೆಂಟ್ ನೋಡದ ರೊಕ್ಕ ಕೊಡಬ್ಯಾಡ್ರಿ. ಬರೇ ಒಂದು ಪ್ರವಾಸಕ್ಕ ಬೇಕಂದ್ರ ಪುಣೆ, ಬೆಂಗಳೂರಿನ್ಯಾಗ ಬಾಡಿಗಿಗೆ ಸಿಗ್ತಾವ, ಖರೀದಿಗೆ ಮೊದಲ ಬಾಡಿಗಿಗೆ ತಗೊಂಡು ನೋಡೂದೂ ಶಾಣ್ಯಾತನನ.

ಮನಿಯೊಳಗ ಬೆಂಕಿ, ಎಣ್ಣಿ

ಆಕ್ಸಿಜನ್ ತಾನಾಗೇ ಉರಿಯಂಗಿಲ್ಲ, ಆದ್ರ ಬಟ್ಟಿ, ಕೂದಲು, ಹಾಸಿಗಿಯೊಳಗ ಸೇರಿಕೊಂಡ್ರ ಸಣ್ಣ ಕಿಡಿಗೂ ಭಗ್ ಅಂತೈತಿ. ಬೀಡಿ, ಸಿಗರೇಟ್ ಆ ಕೋಣಿಯೊಳಗ ಯಾರೂ ಸೇದಬಾರದು, ಬೀಗರು ಬಂದ್ರೂ ಹೇಳ್ರಿ. ನಮ್ಮ ಮನಿಗಳೊಳಗ ಇನ್ನೂ ಎರಡು ಜಾಗಾ ನೋಡ್ಕೋಬೇಕು. ಒಂದು ಅಡಗಿಮನಿ. ಎಷ್ಟೋ ನಮ್ಮ ಅವ್ವಂದಿರಿಗೆ ಈ ರೋಗ ಬಂದದ್ದ ಒಲಿ ಹೊಗಿಯಿಂದ, ಬಂದ ಮ್ಯಾಲೂ "ಎರಡ ರೊಟ್ಟಿ ಬಡೀತೀನಿ" ಅಂತ ಮೂಗಿಗೆ ಪೈಪ್ ಹಾಕ್ಕೊಂಡ ಒಲಿ ಮುಂದ ಕುಂದ್ರತಾರ. ಗ್ಯಾಸ್ ಇರ್ಲಿ ಕಟಗಿ ಒಲಿ ಇರ್ಲಿ, ಬೆಂಕಿಯಿಂದ ಕನಿಷ್ಠ ಎರಡು ಮೀಟರ್ ದೂರ ಇರಬೇಕು, ಹಿಟ್ಟು ನಾದಿಕೊಡಲಿ, ಬೇಯಿಸೂದು ಬ್ಯಾರೆಯವರು ಮಾಡ್ಲಿ. ಇನ್ನೊಂದು ದೇವರ ಜಗಲಿ, ದೀಪ, ಕರ್ಪೂರ, ಊದಿನಕಡ್ಡಿ. ಆರತಿ ತಟ್ಟಿ ಪೇಶೆಂಟ್ ಮುಂದ ಹಿಡಿಯೂದು ಬ್ಯಾಡ, ದೂರದಿಂದ ಕೈ ಮುಗೀಲಿ.

ಮೂಗು ಒಣಗಿ ಉರಿ ಆದ್ರ ಕೊಬ್ರಿ ಎಣ್ಣಿ, ವ್ಯಾಸ್ಲಿನ್ ಹಚ್ಚೂ ರೂಢಿ ನಮ್ಮಲ್ಲೈತಿ, ಅವು ಎಣ್ಣಿ ಪದಾರ್ಥ, ಬೆಂಕಿಗೆ ಅನುಕೂಲ. ನೀರಿನ ಆಧಾರದ ಜೆಲ್ ಇಲ್ಲಾ ಸಲೈನ್ ಡ್ರಾಪ್ಸ್ ಮೆಡಿಕಲ್ ಅಂಗಡಿಯೊಳಗ ಕೇಳ್ರಿ. ಕ್ಯಾನುಲಾ ಎರಡರಿಂದ ನಾಲ್ಕು ವಾರಕ್ಕ ಬದಲಿ ಮಾಡ್ರಿ, ನೆಗಡಿ ಆದ ಮ್ಯಾಲೆ ಅಂತೂ ಕೂಡ್ಲೆ. ಪೈಪು ಉದ್ದ ಎಷ್ಟಿರಬೇಕು ಅಂತ ಮ್ಯಾನುವಲ್ಲಿನ್ಯಾಗ ಇರ್ತೈತಿ, ಮನಸಿಗೆ ಬಂದಂಗ ಜೋಡಿಸಿ ಉದ್ದ ಮಾಡಿದ್ರ ಪಲ್ಸ್ ಮಷಿನ್ ಉಸಿರು ಗುರುತು ಹಿಡಿಯೂದ ಬಿಡ್ತೈತಿ.

ಊರಿಗೆ ಹೊಂಟ್ರ

ರೈಲಿನ್ಯಾಗ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ರಾತ್ರಿ ಬೆಂಗಳೂರಿಗೆ ಹೊಂಟವರು ಬೋಗಿಯ ಚಾರ್ಜಿಂಗ್ ಪಾಯಿಂಟ್ ನಂಬಬ್ಯಾಡ್ರಿ, ಎಷ್ಟೋ ಗಾಡಿಯೊಳಗ ರಾತ್ರಿ 11ರಿಂದ ಮುಂಜಾನೆ 5ರ ತನಕ ಅದನ್ನ ಬಂದ್ ಇಡ್ತಾರ. ಬ್ಯಾಟರಿ ತುಂಬಿಕೊಂಡ ಹೋಗ್ರಿ. ಹಗಲಿಗೆ ಹೋಗೂ ಬೆಳಗಾವಿ ವಂದೇ ಭಾರತ್ 2025ರ ಆಗಸ್ಟಿನಿಂದ ಐತಿ, ನನ್ನ ಕೇಳಿದ್ರ ಇಂಥ ಪೇಶೆಂಟ್‌ಗೆ ರಾತ್ರಿ ಪ್ರವಾಸಕಿಂತ ಹಗಲಿಂದ ಛೊಲೋ, ನಿದ್ದಿಗೆ ಪಲ್ಸ್ ಹಚ್ಚೂ ಪ್ರಶ್ನೆನ ಬರಂಗಿಲ್ಲ. ಬಸ್ಸಿನ್ಯಾಗ ಚಾರ್ಜಿಂಗ್ ಇಲ್ಲ ಅಂತ ತಿಳ್ಕೊಂಡ ಹೊಂಡ್ರಿ.

ಬೆಳಗಾವಿಯ ಸಾಂಬ್ರಾ ಏರ್‌ಪೋರ್ಟಿನಿಂದ ವಿಮಾನಕ್ಕ ಹೋಗೋರು ಟಿಕೆಟ್ ತಗಿಸೂಕಿಂತ ಮೊದಲ ಏರ್‌ಲೈನಿಗೆ ಫೋನ್ ಮಾಡಿ ಮಷಿನ್ ಮಾಡೆಲ್ ಹೇಳ್ರಿ, ಡಾಕ್ಟ್ರು ತುಂಬಿಕೊಡೂ ಮೆಡಿಕಲ್ ಫಾರ್ಮ್ ಕೇಳ್ತಾರ, ಅದಕ್ಕ ಎರಡು-ಮೂರು ದಿನ ಮೊದಲ ಬೇಕು. ಹಾರಾಟದ ಹೊತ್ತಿನ ಒಂದೂವರೆ ಪಟ್ಟು ಬ್ಯಾಟರಿ ಇರಬೇಕು, ಎಕ್ಸ್‌ಟ್ರಾ ಬ್ಯಾಟರಿ ಕೈಚೀಲದಾಗ, ಲಗೇಜಿಗೆ ಹಾಕಂಗಿಲ್ಲ. ನಿಮ್ಮ ಸ್ವಂತ ಸಿಲಿಂಡರ್ ಒಳಗ ಬಿಡಂಗಿಲ್ಲ. ವಿಮಾನದೊಳಗಿನ ಗಾಳಿ ಒತ್ತಡ ನೆಲದ ಮ್ಯಾಲಿನಕಿಂತ ಕಡಿಮಿ ಇರ್ತೈತಿ, ಅಲ್ಲಿಗೆ ಸೆಟ್ಟಿಂಗ್ ಎಷ್ಟು ಏರಿಸಬೇಕು ಅಂತ ಡಾಕ್ಟ್ರ ಕಡೆ ಮೊದಲೇ ಬರಸ್ಕೋರಿ.

ಮಷಿನ್ ಹಚ್ಚಿದ್ರೂ ನಂಬರ್ ಏರದಿದ್ರ

ಮೊದಲ ಪೈಪು ಮಡಚಿಲ್ಲೇನು, ಮೂಗಿನಿಂದ ಜಾರಿಲ್ಲೇನು, ಬ್ಯಾಟರಿ ಐತೇನು ನೋಡ್ರಿ, ಪೇಶೆಂಟ್‌ನ ಕುಂದ್ರಿಸಿ ಬಾಯಿ ಮುಚ್ಚಿ ಮೂಗಿಲಿಂದ ಉಸಿರು ಎಳಕೋ ಅನ್ರಿ. ಮನಿಯೊಳಗ ಇದ್ರ ದೊಡ್ಡ ಮಷಿನ್ನಿಗೆ ಇಲ್ಲಾ ಸಿಲಿಂಡರಿಗೆ ಬದಲಿ ಮಾಡಿ ಡಾಕ್ಟ್ರು ಬರದ ಲೀಟರಿಗೆ ಇಡ್ರಿ. ಡಾಕ್ಟ್ರು ಕೊಟ್ಟ ಗಡಿಯ ಕೆಳಗ ನಂಬರ್ ನಿಂತ ಬಿಟ್ರ, ತುಟಿ-ಉಗುರು ನೀಲಿ ಆದ್ರ, ಮಾತು ತೊದಲಿದ್ರ, ಎಬ್ಬಿಸಿದ್ರೂ ತೂಕಡಿಸಿದ್ರ, ಸೆಟ್ಟಿಂಗ್ ಏರಿಸಿಕೋತ ಕುಂದ್ರಬ್ಯಾಡ್ರಿ, 108ಕ್ಕ ಫೋನ್ ಹಚ್ರಿ. ಡಾಕ್ಟ್ರ ಚೀಟಿಯ ಒಂದು ಝೆರಾಕ್ಸ್ ಮಷಿನ್ ಬ್ಯಾಗಿನ ಜೇಬಿನ್ಯಾಗ ಯಾವಾಗ್ಲೂ ಇರ್ಲಿ, ಅಂಬುಲೆನ್ಸಿನವರು ಮೊದಲ ಕೇಳೂದು "ಎಷ್ಟು ಆಕ್ಸಿಜನ್ ನಡದೈತ್ರಿ?" ಅಂತನ.